ನವೀಕರಣ ಬಾಕಿ

ಮಾರ್ಚ್ 4

ಮಾನ್ಯ ವೈದ್ಯರೇ,

ತಜ್ಞ ವೈದ್ಯರ ನೋಂದಣಿ ಮುಂದುವರಿಯಲು ಐದು ವರ್ಷಕ್ಕೊಮ್ಮೆ ಗಳಿಸಬೇಕಾದ ನಿರಂತರ ಶಿಕ್ಷಣದ ಅಂಕಗಳಲ್ಲಿ ತಮ್ಮ ಹೆಸರಿನ ಮುಂದೆ ಕೊರತೆ ಕಂಡುಬಂದಿದೆ. ಹುಟ್ಟಿದ ಕೂಡಲೇ ಉಸಿರಾಡದ ಶಿಶುಗಳ ಆರೈಕೆ ಕುರಿತ ಒಂದು ವಾರದ ತರಬೇತಿಗೆ ತಾವು ಖುದ್ದಾಗಿ ಹಾಜರಾಗುವುದು ಕಡ್ಡಾಯ. ವರ್ಷಾಂತ್ಯದೊಳಗೆ ಇದು ಪೂರ್ಣಗೊಳ್ಳದಿದ್ದರೆ ಮಕ್ಕಳ ತಜ್ಞರಾಗಿ ತಮ್ಮ ನೋಂದಣಿ ನವೀಕರಣವಾಗುವುದಿಲ್ಲವೆಂದು ವಿಷಾದದಿಂದ ತಿಳಿಸಲಾಗಿದೆ.

ತಮ್ಮ ವಿಶ್ವಾಸಿ,
ಸಂಚಾಲಕಿ, ನಿರಂತರ ವೈದ್ಯಕೀಯ ಶಿಕ್ಷಣ ವಿಭಾಗ


ಮಾರ್ಚ್ 12

ಗಂಟೆ,

ಸಹಿಯ ಕೊನೆಗೆ ಉದ್ದ ಬಾಲ ಎಳೆಯುವ ಚಾಳಿ ನೀನು ಇನ್ನೂ ಬಿಟ್ಟಿಲ್ಲ. ಮೇಲಿನ ಒಕ್ಕಣೆ ಓದಿ ಮೈಯೆಲ್ಲ ಉರಿದಿತ್ತು. ಬಾಲ ನೋಡಿದ ಮೇಲೆ ಅರ್ಧ ಉರಿ ಆರಿತು, ಉಳಿದರ್ಧ ಇಮ್ಮಡಿಯಾಯಿತು. ಇಷ್ಟು ವರ್ಷಗಳ ಮೇಲೆ ಬರೆದರೆ 'ಮಾನ್ಯ ವೈದ್ಯರೇ'! ಜೊತೆಗೆ 'ತಾವು' ಬೇರೆ! ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಓದಿ, ಒಂದೇ ಬಿಳಿ ಕೋಟನ್ನು ಸರದಿಯ ಮೇಲೆ ಹಾಕಿಕೊಂಡವರು ಕಣೇ ನಾವು. ಹೌದು, ನೀನು ಆಗ ಬರೆದ ಪತ್ರಗಳಿಗೆ ಉತ್ತರ ಕೊಡದವಳು ನಾನೇ. ಅದು ಬೇರೆ ಮಾತು.

ಈಗ ವಿಷಯಕ್ಕೆ ಬರುತ್ತೇನೆ. ಈ ಊರಿಗೆ ಮಕ್ಕಳ ಡಾಕ್ಟರು ಅಂತ ಇರುವುದು ನಾನೊಬ್ಬಳೇ. ಇನ್ನೊಬ್ಬರ ಹತ್ತಿರ ಹೋಗಬೇಕೆಂದರೆ ಬಸ್ಸಿನಲ್ಲಿ ಅರ್ಧ ದಿನ. ಎದುರು ಬೀದಿಯ ಹೆರಿಗೆ ಆಸ್ಪತ್ರೆಯವರು ಕಿಟಕಿಯಿಂದ ಕೂಗಿದರೆ ನಾನು ಚಪ್ಪಲಿ ಸಿಕ್ಕರೆ ಮೆಟ್ಟಿಕೊಂಡು, ಸಿಗದಿದ್ದರೆ ಬಿಟ್ಟು ಓಡುತ್ತೇನೆ. ವಾರಗಟ್ಟಲೆ ಬಾಗಿಲು ಹಾಕಿ ನಿನ್ನ ರಬ್ಬರ್ ಬೊಂಬೆಗಳಿಗೆ ಉಸಿರು ಕೊಡಲು ಬಂದರೆ ಇಲ್ಲಿ ನಿಜವಾದ ಮಕ್ಕಳ ಗತಿ ಏನು? ನಾನೇನು ಪುಸ್ತಕ ಮುಚ್ಚಿಟ್ಟು ಕೂತವಳಲ್ಲ. ವೈದ್ಯಕೀಯ ಪತ್ರಿಕೆಗಳನ್ನು ತರಿಸಿ ಓದುತ್ತೇನೆ, ಊಟದ ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ಓದಿ ನಮ್ಮವರ ಕೈಲಿ ಬೈಸಿಕೊಳ್ಳುತ್ತೇನೆ. ಓದಿದ್ದಕ್ಕೆ ಅಂಕ ಇಲ್ಲವಂತೆ, ಬಂದು ಕುರ್ಚಿ ಮೇಲೆ ಕೂತರೆ ಅಂಕವಂತೆ. ಚೆನ್ನಾಗಿದೆ.

ನಿನ್ನ ದನಿ ಕೇಳಿ ನಿನಗೆ ಗಂಟೆ ಎಂದು ಹೆಸರಿಟ್ಟವಳು ನಾನು, ಕಡ್ಡಿ ಮುರಿದ ಹಾಗೆ ಮಾತಾಡುತ್ತಾಳೆಂದು ನನಗೆ ಕಡ್ಡಿ ಎಂದು ಹೆಸರಿಟ್ಟವಳು ನೀನು. ಕೇಳಿಕೋ: ನಾನು ಬರುವುದಿಲ್ಲ.

ನಿನ್ನ ಇಲಾಖೆಯಲ್ಲಿ ಕಂಡುಬಂದ ಕೊರತೆ,
ಕಡ್ಡಿ


ಮಾರ್ಚ್ 25

ಪ್ರೀತಿಯ ಕಡ್ಡಿ,

ಅದು ನೂರಾರು ಜನರಿಗೆ ಹೋದ ಅಚ್ಚಿನ ಪತ್ರ. ಎಲ್ಲದಕ್ಕೂ ಸಹಿಯ ಮೊಹರು ಒತ್ತುವುದು ನಮ್ಮ ಗುಮಾಸ್ತರ ಕೆಲಸ. ನಿನ್ನ ಹೆಸರು ಬಂದಾಗ ಮಾತ್ರ, "ಇದಕ್ಕೆ ನಾನೇ ಹಾಕ್ತೀನಿ, ಕೊಡಿ" ಅಂದೆ. ನಿನ್ನ ಕೋಪದ ಕಾಗದವನ್ನು ಮಧ್ಯಾಹ್ನ ಕಚೇರಿಯಲ್ಲಿ ಒಮ್ಮೆ, ಸಂಜೆ ಮನೆಯಲ್ಲಿ ಒಮ್ಮೆ ಓದಿದೆ. ಮೊದಲನೆಯ ಸಲ ಸಂಚಾಲಕಿಯಾಗಿ ಓದಿದ್ದರಿಂದ ಸಿಟ್ಟು ಬಂತು. ಎರಡನೆಯ ಸಲ ನಗು ಬಂತು.

ಈ ನಿಯಮ ಮಾಡಿದವರಲ್ಲಿ ನಾನೂ ಒಬ್ಬಳು. ಅದು ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಕಣ್ಣಿಗೆ ಗೊತ್ತಾದದ್ದು ಕೈಗೆ ಗೊತ್ತಾಗಲು ಬೇರೆಯೇ ಸಮಯ ಬೇಕು. ನಾವು ಕಲಿತ ಮೇಲೆ ಎಷ್ಟು ಬದಲಾಗಿದೆ ಎಂದು ನೀನೇ ಓದಿದ್ದೀ. ಆದರೆ ಒಬ್ಬರೇ ಡಾಕ್ಟರಿರುವ ಊರುಗಳ ಬಗ್ಗೆ ನಾವು ಯೋಚಿಸಲಿಲ್ಲ ಎನ್ನುವುದು ನಿಜ. ಸಭೆಯಲ್ಲಿ ಕೂತಿದ್ದವರೆಲ್ಲ ದೊಡ್ಡ ಆಸ್ಪತ್ರೆಯವರು. ಒಬ್ಬರು ಹೋದರೆ ಇನ್ನೊಬ್ಬರು ಇರುತ್ತಾರೆ ಅನ್ನುವುದು ನಮಗೆಲ್ಲ ಗಾಳಿ ಬೆಳಕಿನಷ್ಟು ಸಹಜವಾಗಿತ್ತು.

ಆದ್ದರಿಂದ ಒಂದು ಮಾತು. ನೀನು ತರಬೇತಿಗೆ ಬಂದ ವಾರ ನಿನ್ನ ಕ್ಲಿನಿಕ್ಕನ್ನು ನಾನು ನೋಡಿಕೊಳ್ಳುತ್ತೇನೆ. ನನ್ನ ಹೆಸರಿನ ಮುಂದೆ ಅಂಕಗಳು ತುಂಬಿ ತುಳುಕುತ್ತಿವೆ, ನೋಂದಣಿ ಸರಿಯಾಗಿದೆ. ಆದರೆ ವಾರ್ಡು ಬಿಟ್ಟು ಪಾಠ ಮತ್ತು ಕಚೇರಿ ಎಂದು ಕೂತು ಬಹಳ ಕಾಲವಾಯಿತು. ಅದನ್ನು ಮುಚ್ಚಿಡುವುದಿಲ್ಲ. ಧೈರ್ಯವಿದ್ದರೆ ಕರೆ.

ಗಂಟೆ


ಏಪ್ರಿಲ್ 9

ಗಂಟೆ,

ನಿನ್ನ ಕಾಗದ ನಮ್ಮವರ ಮುಂದೆ ಓದಿದೆ. ಗಣಿತದ ಮೇಷ್ಟ್ರಾಗಿ ನಿವೃತ್ತರಾದ ಮೇಲೆ ಅವರಿಗೆ ಮನೆಯವರ ಲೆಕ್ಕ ತಿದ್ದುವುದೇ ಕೆಲಸ. "ಬರಲಿ ಬಿಡು. ಎಷ್ಟು ವರ್ಷ ಅಂತ ಆ ಸಿಟ್ಟನ್ನ ಸಾಕ್ತೀಯ? ಹಾಲು ಕೊಡಲ್ಲ, ಮೊಟ್ಟೆ ಇಡಲ್ಲ" ಅಂದರು.

ನಿನ್ನ ಕೈಗೆ ನನ್ನ ಮಕ್ಕಳನ್ನು ಒಪ್ಪಿಸುವುದೋ ಬೇಡವೋ ಎಂದು ಬಹಳ ಯೋಚಿಸಿದೆ. ಹೀಗೆ ಬರೆದರೆ ನಿನಗೆ ನೋವಾಗುತ್ತದೆ ಎಂದು ಗೊತ್ತು, ಆದರೂ ಬರೆದೆ. ನನ್ನ ಕ್ಲಿನಿಕ್ಕಿನ ನರ್ಸಕ್ಕ ಇರುತ್ತಾರೆ. ಅವರು ಜೊತೆಗಿದ್ದರೆ ಅರ್ಧ ಭಯ ಇರುವುದಿಲ್ಲ.

ಮೇ ತಿಂಗಳಲ್ಲಿ ಬಾ. ಶಾಲೆಗೆ ರಜೆ ಇದ್ದಾಗ ಯಾವ ಮಗುವಿಗೂ ಹೊಟ್ಟೆನೋವು ಬರುವುದಿಲ್ಲ. ಸ್ಟೆಥಾಸ್ಕೋಪನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡೇ ಎದೆಗಿಡು. ಬಾಯಿ ತೆರೆಯದ ಮಕ್ಕಳಿಗೆ ಮೊದಲು ನಿನ್ನ ಬಾಯಿ ತೆರೆದು ತೋರಿಸು. ಅಮ್ಮಂದಿರು 'ಏನೂ ತಿನ್ನಲ್ಲ' ಅಂದರೆ ಪೂರ್ತಿ ನಂಬಬೇಡ. 'ಯಾಕೋ ಸರಿಯಿಲ್ಲ ಅನ್ಸತ್ತೆ' ಅಂದರೆ ಪೂರ್ತಿ ನಂಬು.

ಕಡ್ಡಿ


ಮೇ 14

ಗಂಟೆ,

ನೀನು ಊರಿಗೆ ಮರಳಿದಾಗ ಕೈಗೆ ಸಿಗಲಿ ಎಂದು ಇದನ್ನು ನಿನ್ನ ಮನೆ ವಿಳಾಸಕ್ಕೆ ಹಾಕುತ್ತಿದ್ದೇನೆ. ಬಸ್ ನಿಲ್ದಾಣದಲ್ಲಿ ನೀನು ಇಳಿದೆ, ಅದೇ ಬಸ್ಸಿಗೆ ನಾನು ಹತ್ತಿದೆ. ಬೀಗದ ಕೈ ಕೊಟ್ಟೆ. "ದಪ್ಪ ಆಗಿದ್ದೀಯ" ಅಂದೆ. "ನೀನು ಆಗಿಲ್ಲ" ಅಂದೆ ನೀನು. ಬಸ್ಸು ಹೊರಟೇಬಿಟ್ಟಿತು. ಇನ್ನೇನಾದರೂ ಅನ್ನಬಹುದಿತ್ತು ಎಂದು ದಾರಿಯುದ್ದಕ್ಕೂ ಅಂದುಕೊಂಡೆ.

ನಮ್ಮ ಹಾಸ್ಟೆಲಿನ ಮೂಲೆಯ ಕೋಣೆ ಈಗ ತರಬೇತಿಗೆ ಬಂದವರ ಅತಿಥಿ ಕೋಣೆ. ಮೇಲ್ವಿಚಾರಕಿಯನ್ನು ಕಾಡಿ ಅದನ್ನೇ ಇಸಿದುಕೊಂಡೆ. ಗೋಡೆಗೆ ಬೇರೆ ಬಣ್ಣ, ಮೇಲೆ ಹೊಸ ಫ್ಯಾನು. ಕಿಟಕಿಯ ಚಿಲಕ ಮಾತ್ರ ಅದೇ. ಕೊಂಚ ಎತ್ತಿ ಎಡಕ್ಕೆ ತಳ್ಳಿದರಷ್ಟೇ ಬೀಳುವಂಥದ್ದು. ನಾನು ಯೋಚಿಸುವ ಮೊದಲೇ ಕೈ ಎತ್ತಿ ತಳ್ಳಿತ್ತು. ಆಮೇಲೆ ನನ್ನ ಮಂಚದ ಮೇಲೆ ಕೂತು ನಿನ್ನ ಮಂಚವನ್ನು ನೋಡುತ್ತಾ ಇದ್ದೆ. ಅದರ ಮೇಲೆಯೇ ಅಲ್ಲವೇ ನಾವು ಹಳೇ ಕ್ಯಾಲೆಂಡರಿನ ಬೆನ್ನಿಗೆ ಕ್ಲಿನಿಕ್ಕಿನ ನಕ್ಷೆ ಬರೆದದ್ದು? ನಡುವೆ ರೋಗಿಗಳಿಗೆ ಹಜಾರ, ಆಚೆ ಈಚೆ ಒಂದೊಂದು ಕೋಣೆ. ನಿನ್ನ ಕೋಣೆಗೆ ಪೂರ್ವದ ಕಿಟಕಿ ಬೇಕೆಂದು ಹಟ ಮಾಡಿದ್ದೆ ನೀನು. ಲೋಟದ ಚಹಾ ಚೆಲ್ಲಿ ನಕ್ಷೆಯ ಅರ್ಧ ಭಾಗ ಕಂದಾಯಿತು.

ತರಬೇತಿ ನಡೆಯುವುದು ನಮ್ಮ ಹಳೆಯ ಪ್ರಾಯೋಗಿಕ ಕೋಣೆಯಲ್ಲಿ. ಮೇಜಿನ ಮೇಲೆ ರಬ್ಬರ್ ಬೊಂಬೆ. ಹೇಳಿಕೊಡುವವಳು ನನ್ನ ಮಗಳಿಗಿಂತ ಚಿಕ್ಕವಳು. "ಮೇಡಂ, ಮಗು ಅಳ್ತಾ ಇಲ್ಲ. ಏನು ಮಾಡ್ತೀರಿ?" ಅಂದಳು. ಗಂಟೆ, ಆ ಹಳೇ ಪದ್ಧತಿಯನ್ನು ನಾನು ಬಿಟ್ಟು ಯಾವ ಕಾಲವಾಯಿತು! ಆದರೆ ಆ ಕೋಣೆಯ ವಾಸನೆ ಮೂಗಿಗೆ ಬಡಿದಿತ್ತಲ್ಲ, ನನ್ನ ಕೈಗಳಿಗೆ ಇದ್ದಕ್ಕಿದ್ದಂತೆ ಇಪ್ಪತ್ತು ವರ್ಷ ವಯಸ್ಸು. ಬೊಂಬೆಯ ಎರಡೂ ಕಾಲು ಹಿಡಿದು ತಲೆಕೆಳಗು ಎತ್ತಿ ಅಂಗಾಲಿಗೆ ಪಟಪಟ ಬಾರಿಸಿಬಿಟ್ಟೆ. ಹೇಳಿಕೊಡುವವಳು ಬೈಯಲು ಬಾಯಿ ತೆರೆದಳು. ಹಿಂದಿನ ಬೆಂಚಿನಿಂದ ದೊಡ್ಡದೊಂದು ನಗು ಕೇಳಿಸಿತು. "ಬೈಬೇಡಿ ಅವಳನ್ನ. ಅದು ನಾನು ಕಲಿಸಿದ್ದು!"

ದೊಡ್ಡ ಮೇಡಂ ಕಣೇ! ಅವರು ನಡೆದು ಬರುವ ಸದ್ದಿಗೆ ನಮ್ಮ ಬಾಯಿ ಒಣಗುತ್ತಿತ್ತಲ್ಲ, ಅವರೇ. ಈಗ ಊರುಗೋಲು ಹಿಡಿದು, ಯಾವ ಅಂಕದ ಹಂಗೂ ಇಲ್ಲದೆ, ಪ್ರತಿ ತರಬೇತಿಗೂ ಬಂದು ಹಿಂದೆ ಕೂರುತ್ತಾರಂತೆ. ನೀನು ನನಗೆ ಹೇಳಲೇ ಇಲ್ಲ. ಚಹಾದ ಹೊತ್ತಿಗೆ ಪಕ್ಕದಲ್ಲಿ ಕೂತು ಕೇಳಿದೆ. "ಬೇಜಾರಾಗಲ್ವಾ ಮೇಡಂ? ನೀವು ಹೇಳಿಕೊಟ್ಟದ್ದನ್ನೆಲ್ಲ ಒಂದೊಂದಾಗಿ ಅಳಿಸ್ತಾ ಇದ್ದಾರೆ."

"ಅಳಿಸಲಿ ಬಿಡೇ. ಮಗು ಅತ್ತರೆ ಸಾಕು. ಯಾರ ಪಾಠಕ್ಕೆ ಅತ್ತೆ ಅಂತ ಅದೇನು ಹೇಳುತ್ತಾ?"

ಆಮೇಲೆ ನಿನ್ನ ಮಾತು ಬಂತು. ನೀನು ನನ್ನ ಜೊತೆ ಬರದೆ ಕಾಲೇಜಿನಲ್ಲೇ ಉಳಿದದ್ದನ್ನು ನಾನು ಆಡಿದೆ. ಅವರು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. "ಬರ್ತೀಯಾ ಅಂತ ಅವಳನ್ನ ಯಾವತ್ತಾದ್ರೂ ಕೇಳಿದ್ದೆಯಾ? ಬರ್ತಾಳೆ ಅಂತ ನೀನೇ ತೀರ್ಮಾನ ಮಾಡಿಕೊಂಡಿದ್ದೆಯೋ?"

ನನ್ನ ಚಹಾ ಆರಿಹೋಗಿತ್ತು.

ಬೊಂಬೆ ಎರಡನೆಯ ಸಲಕ್ಕೆ ಬದುಕಿತು. ನಾಳೆ ಕೊನೆಯ ಪರೀಕ್ಷೆ.

ಕಡ್ಡಿ


ಮೇ 16

ಕಡ್ಡಿ,

ಇದನ್ನು ನಿನ್ನ ಮೇಜಿನ ಮೇಲೆ, ಥರ್ಮಾಮೀಟರಿನ ಲೋಟದ ಕೆಳಗಿಟ್ಟು ಹೊರಡುತ್ತೇನೆ.

ನಿನ್ನ ಕುರ್ಚಿಯಲ್ಲಿ ಕೂರಲು ಮನಸ್ಸಾಗಲಿಲ್ಲ. ಆಚೆ ಕೋಣೆ ಖಾಲಿ ಇತ್ತು. ಖಾಲಿ ಅಂದರೆ ಲಸಿಕೆಯ ಫ್ರಿಜ್ಜು, ಮುರಿದ ತಕ್ಕಡಿ, ಒಂದು ಚಕ್ರ ಕಳಕೊಂಡ ಮರದ ಕುದುರೆ. ನರ್ಸಕ್ಕನಿಗೆ ಹೇಳಿ ಅಲ್ಲೇ ಒಂದು ಮೇಜು ಹಾಕಿಸಿಕೊಂಡೆ. "ಈ ಕೋಣೆ ಯಾಕೆ ಹೀಗಿದೆ?" ಅಂತ ಕೇಳಿದ್ದಕ್ಕೆ, "ಇನ್ನೊಬ್ಬರು ಡಾಕ್ಟ್ರು ಬರೋರಿದ್ರಂತೆ. ನಾನು ಕೆಲಸಕ್ಕೆ ಸೇರೋಕೂ ಮುಂಚಿನ ಮಾತು" ಅಂದರು. ಬೆಳಗಿನ ಬಿಸಿಲು ಕಿಟಕಿಯಿಂದ ನೇರ ಒಳಗೆ ಬರುತ್ತದೆ. ವಾರವಿಡೀ ಆ ಬಿಸಿಲಿನಲ್ಲಿ ಕೂತು ಮಕ್ಕಳನ್ನು ನೋಡಿದೆ.

ಮೊದಲ ದಿನ ಎಲ್ಲ ಮಕ್ಕಳೂ ನನ್ನನ್ನು ಕಂಡು ಅತ್ತರು. ನಾನೂ ಅಳುವುದೊಂದು ಬಾಕಿ. ಮೂರನೆಯ ದಿನ ಬಾಯಿ ತೆರೆದು ತೋರಿಸುವುದು ಅಭ್ಯಾಸವಾಯಿತು. ನಿಮ್ಮವರು ಕುದುರೆಗೆ ಚಕ್ರ ಹಾಕಿಕೊಟ್ಟರು.

ನಿನ್ನೆ ಮಧ್ಯಾಹ್ನ ಹೆರಿಗೆ ಆಸ್ಪತ್ರೆಯ ಕಿಟಕಿಯಿಂದ ಕೂಗಿದರು. ಓಡಿದೆ. ಹೆಣ್ಣು ಮಗು, ನೀಲಿ ಬಣ್ಣಕ್ಕೆ ತಿರುಗಿ, ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು. ಎಷ್ಟು ವರ್ಷದಿಂದ ಇದನ್ನೇ ಪಾಠ ಮಾಡುತ್ತಿದ್ದೇನೆ, ಆದರೆ ಬೊಂಬೆಗೆ ಮೈಬಿಸಿ ಇರುವುದಿಲ್ಲ, ಅದು ಕೈಯಿಂದ ಜಾರುವುದಿಲ್ಲ, ಅದರ ತಾಯಿ ಪಕ್ಕದಲ್ಲಿ ಮಲಗಿ ನಮ್ಮನ್ನೇ ನೋಡುತ್ತಿರುವುದಿಲ್ಲ. ಮೊದಲು ಏನು ಮಾಡಬೇಕೆಂದು ಕೈಗೆ ಮರೆತುಹೋಯಿತು. ನರ್ಸಕ್ಕ ಒಣ ಬಟ್ಟೆ ಮುಂದೆ ಹಿಡಿದರು. ಆಗ ನನ್ನ ಬಾಯಿ ತನ್ನಷ್ಟಕ್ಕೆ ತಾನೇ ಪಾಠ ಶುರುಮಾಡಿತು, ತರಗತಿಯಲ್ಲಿ ಹೇಳುವ ಹಾಗೆಯೇ. "ಮೊದಲು ಒರೆಸಿ, ಬೆಚ್ಚಗಿಡಿ. ತಲೆ ಸ್ವಲ್ಪ ಹಿಂದಕ್ಕೆ, ಹೂವು ಮೂಸೋ ಹಾಗೆ. ಮಾಸ್ಕ್ ಬಿಗಿಯಾಗಿ ಹಿಡೀರಿ. ಈಗ ಗಾಳಿಯ ಬ್ಯಾಗ್ ಒತ್ತಿ, ಬಿಡಿ. ಎದೆ ಏಳ್ತಾ ಇದೆಯಾ ನೋಡಿ." ಬಾಯಿ ಹೇಳಿದ್ದನ್ನು ಕೈ ಕೇಳಿತು. ಎದೆ ಎದ್ದಿತು. ಸ್ವಲ್ಪ ಹೊತ್ತಿಗೆ ತುಟಿ ಕೆಂಪಾಯಿತು. ಆಮೇಲೆ ಬಂದ ಆ ಅಳುವನ್ನು ನಾನು ನಿನಗೆ ವರ್ಣಿಸಬೇಕಿಲ್ಲ.

ಬಾಗಿಲಲ್ಲಿ ನಿಂತಿದ್ದ ಅಜ್ಜಿ ಕಣ್ಣೊರೆಸಿಕೊಂಡು ಕೇಳಿದರು. "ಅಷ್ಟೊತ್ತು ಯಾರಿಗೆ ಹೇಳ್ತಿದ್ರಿ ಡಾಕ್ಟ್ರಮ್ಮ?"

"ನನಗೇ ಹೇಳಿಕೊಂಡೆ ಅಜ್ಜಿ."

"ಚೆನ್ನಾಗಿ ಹೇಳಿದ್ರಿ. ನನಗೂ ಅರ್ಥ ಆಯ್ತು."

ಮಗು ಈಗ ತಾಯಿಯ ಹತ್ತಿರ ಹಾಲು ಕುಡಿಯುತ್ತಿದೆ. ಬಂದ ಕೂಡಲೇ ಒಮ್ಮೆ ಹೋಗಿ ನೋಡು.

ಗಂಟೆ


ಜೂನ್ 2

ಗಂಟೆ,

ನವೀಕರಣದ ಪತ್ರ ಬಂತು. ಇನ್ನು ಐದು ವರ್ಷ ನಾನು ಕಾನೂನುಬದ್ಧ. ನಮ್ಮವರು ಅದಕ್ಕೆ ಕಟ್ಟು ಹಾಕಿಸಿ ಹಜಾರದ ಗೋಡೆಗೆ ತೂಗುಹಾಕಿದ್ದಾರೆ.

ನಿನ್ನ ಮಗು ಚೆನ್ನಾಗಿದೆ. ಹೌದು, ಇಲ್ಲಿ ಎಲ್ಲರೂ ಅದನ್ನು ನಿನ್ನ ಮಗು ಎಂದೇ ಕರೆಯುವುದು. ನೀನು ಹಾಕಿಸಿದ ಮೇಜನ್ನು ನಾನು ತೆಗೆಸಿಲ್ಲ. ಬೆಳಿಗ್ಗೆ ಗುಡಿಸುವಾಗ ನರ್ಸಕ್ಕ ಅದನ್ನೂ ಒರೆಸುತ್ತಾರೆ.

ದೊಡ್ಡ ಮೇಡಂ ಹೇಳಿದ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಆಗ ನಾನು ಕೇಳಿರಲಿಲ್ಲ, ನಿಜ. ನಕ್ಷೆ ಬರೆದಾಯಿತಲ್ಲ, ಇನ್ನು ಕೇಳುವುದೇನು ಅಂದುಕೊಂಡಿದ್ದೆ. ಈಗ ಕೇಳುತ್ತಿದ್ದೇನೆ. ನಿನ್ನ ನಿವೃತ್ತಿ ಹತ್ತಿರ ಬಂತು. ಬರುತ್ತೀಯಾ?

ಕಡ್ಡಿ


ಜೂನ್ 28

ಕಡ್ಡಿ,

ಉತ್ತರ ಬರೆಯಲು ತಡವಾಯಿತು. ಬರೆದು ಹರಿದೆ, ಮತ್ತೆ ಬರೆದೆ.

ನಾನು ಬರುವುದಿಲ್ಲ ಕಣೇ. ಕೋಪಿಸಿಕೊಳ್ಳಬೇಡ, ಪೂರ್ತಿ ಓದು. ಆಗಲೂ ನಾನು ಪಟ್ಟಣದ ಸುಖಕ್ಕೆ ಉಳಿದದ್ದಲ್ಲ, ಕಷ್ಟಕ್ಕೆ ಹೆದರಿದ್ದೂ ಅಲ್ಲ. ಕೊನೆಯ ವರ್ಷ ಕಿರಿಯರಿಗೆ ಪಾಠ ಹೇಳುವ ಕೆಲಸ ಕೊಟ್ಟಿದ್ದರಲ್ಲ, ಒಂದು ದಿನ ಹಿಂದಿನ ಸಾಲಿನ ಹುಡುಗಿಯೊಬ್ಬಳಿಗೆ ಅರ್ಥವಾಗದ್ದು ಅರ್ಥವಾದ ಗಳಿಗೆಯನ್ನು ಅವಳ ಮುಖದಲ್ಲಿ ಕಂಡೆ. ನನ್ನ ಕೆಲಸ ಇದು ಅನ್ನಿಸಿತು. ಅದನ್ನು ನಿನಗೆ ಹೇಳಲು ಬಂದಾಗ ನೀನು ನಮ್ಮ ಕ್ಲಿನಿಕ್ಕಿನ ಕಿಟಕಿಗೆಂದು ಪರದೆಯ ಬಟ್ಟೆ ಅಳೆಯುತ್ತಿದ್ದೆ. 'ಬರೀ ಪಾಠ ಹೇಳೋದಕ್ಕೆ ಡಾಕ್ಟರ್ ಯಾಕಾಗಬೇಕು' ಎಂದು ನೀನು ಯಾವುದೋ ಮಾತಿಗೆ ಅಂದಿದ್ದೂ ನೆನಪಾಯಿತು. ಹೇಳದೆ ವಾಪಸು ಹೋದೆ. ಆಮೇಲೆ ಕಾಗದದಲ್ಲಿ ಹೇಳಲು ಹೋದೆ. ನೀನು ಒಡೆದು ನೋಡಿದೆಯೋ ಇಲ್ಲವೋ ಗೊತ್ತಿಲ್ಲ.

ಈಗಲೂ ನನ್ನ ಕೆಲಸ ಅದೇ. ಆದರೆ ನಿನ್ನ ಊರಿನಿಂದ ಬಂದ ಮೇಲೆ ಸಭೆಯಲ್ಲಿ ಒಂದು ಮಾತು ಎತ್ತಿದ್ದೇನೆ. ಒಬ್ಬರೇ ಡಾಕ್ಟರಿರುವ ಊರುಗಳಿಂದ ಅವರನ್ನು ಇಲ್ಲಿಗೆ ಎಳೆದು ತರುವ ಬದಲು ತರಬೇತಿಯೇ ಅವರ ಹತ್ತಿರ ಹೋಗಲಿ ಎಂದು. ನರ್ಸುಗಳೂ ಕೂರಲಿ. ಮೊದಲಿಗೆ ಎಲ್ಲರೂ ತಲೆ ಅಲ್ಲಾಡಿಸಿದರು, ಅಡ್ಡಡ್ಡ. ದೊಡ್ಡ ಮೇಡಂ ಕೋಲು ಊರಿಕೊಂಡು ಸಭೆಗೇ ಬಂದು ಕೂತರು. ಆಮೇಲೆ ಎಲ್ಲರೂ ಉದ್ದುದ್ದ ಅಲ್ಲಾಡಿಸಿದರು. ಅಂಥ ಮೊದಲ ತರಬೇತಿಗೆ ನಿನ್ನ ಹಜಾರ ಕೊಡುತ್ತೀಯಾ?

ಗಂಟೆ


ಅಕ್ಟೋಬರ್ 19

ಕಡ್ಡಿ,

ನಿನ್ನಿಂದ ಒಂದು ಸಾಲೂ ಇಲ್ಲ. ನಿಮ್ಮವರು ಫೋನು ಮಾಡಿ, "ಹಜಾರಕ್ಕೆ ಸುಣ್ಣ ಹೊಡೆಸ್ತಾ ಇದ್ದಾಳೆ, ಅದನ್ನೇ ಉತ್ತರ ಅಂತ ತಿಳ್ಕೊಳ್ಳಿ" ಅಂದರು. ತಿಳಿದುಕೊಂಡಿದ್ದೇನೆ. ಬೊಂಬೆಗಳ ಪೆಟ್ಟಿಗೆಯನ್ನು ಗುರುವಾರದ ಬಸ್ಸಿಗೆ ಹಾಕುತ್ತೇನೆ. ಕಳೆದ ಸಲ ದುರಸ್ತಿಗೆಂದು ಕಳಿಸಿದಾಗ ಪೆಟ್ಟಿಗೆಯ ಸಂದಿಯಿಂದ ಪುಟ್ಟ ಕಾಲು ಹೊರಗೆ ಕಂಡು ಕಂಡಕ್ಟರ್ ಬಸ್ಸು ನಿಲ್ಲಿಸಿಬಿಟ್ಟಿದ್ದ. ಈ ಸಲ ಹಗ್ಗ ಬಿಗಿದಿದ್ದೇನೆ.

ಗಂಟೆ


ನವೆಂಬರ್ 11

ಗಂಟೆ,

ನಿನ್ನ ಜೂನ್ ತಿಂಗಳ ಕಾಗದಕ್ಕೆ ಇದು ಉತ್ತರ. ಓದಿದ ದಿನ ಬಹಳ ಕೋಪ ಬಂದಿತ್ತು. 'ಬರೀ ಪಾಠ' ಎಂದು ನಾನು ಅಂದದ್ದು ನೆನಪೇ ಇರಲಿಲ್ಲ. ನೆನಪಿಲ್ಲದ ಮಾತಿಗೆ ಏನೆಂದು ಉತ್ತರ ಬರೆಯುವುದು? ಸುಣ್ಣ ಹೊಡೆಸಿದೆ.

ತರಬೇತಿಯ ದಿನ ನಾನು ಮುಂದಿನ ಬೆಂಚಿನಲ್ಲಿ ಕೂತಿದ್ದೆ, ನೋಡಿದೆಯಲ್ಲ. ಕೆಮ್ಮು ಬಂದ ಮಕ್ಕಳನ್ನು ಕೂರಿಸುವ ಬೆಂಚು ಅದು. ನನ್ನ ಪಕ್ಕದಲ್ಲಿ ನರ್ಸಕ್ಕ, ಅವರ ಪಕ್ಕದಲ್ಲಿ ಗುಡ್ಡದಾಚೆ ಊರಿನ ವಯಸ್ಸಾದ ಡಾಕ್ಟರು. ಬಾಗಿಲಲ್ಲಿ ಅಜ್ಜಿ, ಕಂಕುಳಲ್ಲಿ ನಿನ್ನ ಮಗು. ನನಗೆ ಎಲ್ಲ ಗೊತ್ತಿದ್ದ ಪಾಠವೇ. ಆದ್ದರಿಂದ ಪಾಠ ಕೇಳದೆ ನಿನ್ನನ್ನೇ ನೋಡುತ್ತಾ ಕೂತೆ.

ಆ ವಯಸ್ಸಾದವರಿಗೆ ಮಾಸ್ಕ್ ಹಿಡಿಯಲು ಬರಲಿಲ್ಲ. ಒಮ್ಮೆ ತಪ್ಪಿದರು, ಇನ್ನೊಮ್ಮೆ ತಪ್ಪಿದರು, ಮೂರನೆಯ ಸಲ ಸಿಟ್ಟಿನಿಂದ ಬೊಂಬೆಯನ್ನು ಅತ್ತ ತಳ್ಳಿ, "ನಮ್ಮ ಕಾಲ ಮುಗೀತು ಬಿಡಿ" ಅಂದರು. ನಾನಾಗಿದ್ದರೆ ಏನಾದರೂ ಅಂದು ಕೆಡಿಸುತ್ತಿದ್ದೆ. ನೀನು ಕೆಡಿಸಲಿಲ್ಲ. ಬೊಂಬೆಯನ್ನು ಮೆಲ್ಲಗೆ ಅವರ ಮುಂದೆ ತಂದಿಟ್ಟು, ಅವರ ಬೆರಳ ಮೇಲೆ ನಿನ್ನ ಬೆರಳಿಟ್ಟು, ಕಾದೆ. ಮೂರು ಮಹಡಿಯನ್ನು ಎಬ್ಬಿಸುತ್ತಿದ್ದ ನಿನ್ನ ದನಿ ಅಷ್ಟು ಸಣ್ಣದಾಗಬಲ್ಲದು ಎಂದು ನನಗೆ ಗೊತ್ತೇ ಇರಲಿಲ್ಲ. "ಅವಸರ ಇಲ್ಲ ಸರ್. ಇನ್ನೊಂದು ಸಲ ನೋಡೋಣ" ಅಂದೆ. ಬೊಂಬೆಯ ಎದೆ ಎದ್ದಿತು. ಅವರು ತಲೆಯೆತ್ತಿ ನಿನ್ನ ಕಡೆ ನೋಡಿದರು. ಆ ಮುಖ ನನಗೆ ಕಾಣಿಸುತ್ತಿತ್ತು. ನಿನ್ನ ಮುಖವೂ ಕಾಣಿಸುತ್ತಿತ್ತು.

ಹೋದ ವಾರ ಅವರು ಫೋನು ಮಾಡಿದ್ದರು. ಅವರ ಊರಿನಲ್ಲಿ ಒಂದು ಮಗು ಅತ್ತಿತಂತೆ. ಅಷ್ಟೇ ಹೇಳಿ ಇಟ್ಟುಬಿಟ್ಟರು.

ಗಂಟೆ, ನೀನು ಬರಲಿಲ್ಲ ಎಂದು ಇಷ್ಟು ವರ್ಷ ಆ ಕೋಣೆಯನ್ನು ಖಾಲಿ ಇಟ್ಟುಕೊಂಡು ಕೂತಿದ್ದೆ. ನೀನು ಎಲ್ಲಿಗೆ ಹೋದೆ, ಅಲ್ಲಿ ಏನಾದೆ ಎಂದು ಒಮ್ಮೆಯಾದರೂ ಬಂದು ನೋಡಲಿಲ್ಲ. ನೀನಿದ್ದಾಗ ಇದನ್ನು ಬಾಯಿಬಿಟ್ಟು ಹೇಳಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀನು ಬಹಳ ಚೆನ್ನಾಗಿ ಕಲಿಸುತ್ತೀ.

ನಿನ್ನ ವಿದ್ಯಾರ್ಥಿನಿ,
ಕಡ್ಡಿ